ಗಾಜು ಬೆವರಿದ ಚರಿತ್ರೆ



ಆಟಿ ತಿಂಗಳು ಹೇಗಿರುತ್ತದೆ ಎಂದು ಕಾಸರಗೋಡಿನ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೆರೆಮನೆಯ ಮಲೆಯಾಳಿಗಳಿಗೆ ಅದು ಕರ್ಕಟಕ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಉಪ್ಪಿನ ಭರಣಿಯಲ್ಲಿ ನೀರು ಒಸರುತ್ತದೆ. ಚರ್ಮದ ಚಪ್ಪಲಿಯ ಮೇಲೆ ಹಸಿರು ಬೂಷ್ಟು ಏಳುತ್ತದೆ. ಅವರು ಅದನ್ನು ಪೂಪ್ಪಲ್ ಎನ್ನುತ್ತಾರೆ, ನಾವು ಬೂಷ್ಟು ಎನ್ನುತ್ತೇವೆ; ವಾಸನೆಯಲ್ಲಿ ಏನೂ ವ್ಯತ್ಯಾಸವಿಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿದು ಹೋಗುತ್ತದೆ.

ಇಂಥ ಊರಿನಲ್ಲಿ ಐದು ಮಂದಿ ಒಂದು ಕಾರಿನಲ್ಲಿ ಕುಳಿತು, ಮಳೆ ಒಳಗೆ ಹೊಡೆಯುತ್ತದೆಂದು ಗಾಜುಗಳನ್ನೆಲ್ಲ ಏರಿಸಿ ಹೊರಟರೆ, ಮುಂದಿನ ಗಾಜು ಎರಡು ನಿಮಿಷದಲ್ಲಿ ಮಬ್ಬಾಗುತ್ತದೆ. ಎದುರಿನಿಂದ ಬರುವ ಲಾರಿಯ ದೀಪ ಹತ್ತಿಯ ಉಂಡೆಯ ಹಾಗೆ ಕಾಣುತ್ತದೆ. ರಸ್ತೆಯ ಬದಿಯಲ್ಲಿ ಕೊಡೆ ಹಿಡಿದು ಶಾಲೆಗೆ ನಡೆದು ಹೋಗುವ ಮಕ್ಕಳಂತೂ ಕಾಣುವುದೇ ಇಲ್ಲ. ಚಾಲಕ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಬೈರಾಸು ಹಿಡಿದು ಗಾಜು ಒರೆಸುತ್ತಾ ಸಾಗುತ್ತಾನೆ. ಈ ಮಬ್ಬಿಗೂ ಒಂದು ಚರಿತ್ರೆ ಇದೆ. ರಾಜರುಗಳ ಚರಿತ್ರೆಯಷ್ಟು ದೊಡ್ಡದಲ್ಲದಿದ್ದರೂ ಪ್ರಾಣ ಉಳಿಸುವ ವಿಷಯವಾದುದರಿಂದ ಇಂದು ಅದನ್ನೇ ಹೇಳೋಣ ಎಂದುಕೊಂಡಿದ್ದೇನೆ.

ಮೊದಲು ಸ್ವಲ್ಪ ಜಮಾಖರ್ಚು ನೋಡೋಣ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕವಿಲ್ಲದೆ ಸಮಾಧಾನವಾಗುವುದಿಲ್ಲ. ಗಾಳಿ ನೀರಿನ ಆವಿಯನ್ನು ಹೊತ್ತುಕೊಂಡಿರುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ. ಒಂದು ಘನಮೀಟರ್ ಗಾಳಿ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 30 ಗ್ರಾಂ ನೀರನ್ನು ಆವಿಯಾಗಿ ಹಿಡಿದಿಡಬಲ್ಲುದು. 25 ಡಿಗ್ರಿಯಲ್ಲಿ 23 ಗ್ರಾಂ, 20 ಡಿಗ್ರಿಯಲ್ಲಿ 17 ಗ್ರಾಂ, 10 ಡಿಗ್ರಿಗೆ ಇಳಿದರೆ ಬರಿಯ 9 ಗ್ರಾಂ. ಸಣ್ಣ ಕಾರಿನ ಒಳಗೆ ಸುಮಾರು 3 ಘನಮೀಟರ್ ಗಾಳಿ ಇದೆ ಎಂದಿಟ್ಟುಕೊಳ್ಳಿ. ಮಳೆಗಾಲದ 25 ಡಿಗ್ರಿಯಲ್ಲಿ ಆ ಗಾಳಿ ಹೊರಬಲ್ಲ ನೀರು ಹೆಚ್ಚೆಂದರೆ 70 ಗ್ರಾಂ. ಗಾಳಿಯಲ್ಲಿ ಆಗಲೇ ನೂರಕ್ಕೆ ತೊಂಬತ್ತು ಪಾಲು ತುಂಬಿದೆ. ಹಾಗಾದರೆ ಖಾಲಿ ಇರುವುದು 7 ಗ್ರಾಂ ಜಾಗ ಮಾತ್ರ. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಉಸಿರಿನಿಂದಲೂ ಮೈಯಿಂದಲೂ ಗಂಟೆಗೆ 40ರಿಂದ 50 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ಐದು ಮಂದಿ ಸೇರಿದರೆ ಗಂಟೆಗೊಂದು ಲೋಟ ನೀರು! ಆ 7 ಗ್ರಾಂ ಜಾಗ ತುಂಬಲು ಎರಡು ನಿಮಿಷ ಸಾಕು. ಒದ್ದೆ ಕೊಡೆ, ಒದ್ದೆ ಸೀರೆಯ ಸೆರಗು, ಕಾಲಡಿಯ ಕೆಸರು ಇವುಗಳ ಲೆಕ್ಕ ಬೇರೆ. ಹೊರಗಿನ ಮಳೆಯಿಂದ ಗಾಜು ತಣ್ಣಗಾಗಿರುವುದರಿಂದ, ಜಾಗ ಸಿಗದ ಆವಿ ಮೊದಲು ಅಲ್ಲೇ ಹನಿಯಾಗಿ ಕೂರುತ್ತದೆ.

ಇದು ಇಂದು ಶಾಲೆಯ ಪಾಠ. ಆದರೆ ಇನ್ನೂರು ವರ್ಷಗಳ ಹಿಂದೆ ಪಂಡಿತರಿಗೂ ಇದು ಒಗಟಾಗಿತ್ತು. ಇಬ್ಬನಿ ಆಕಾಶದಿಂದ ಬೀಳುತ್ತದೆ ಎಂದು ಕೆಲವರು, ನೆಲದಿಂದ ಏಳುತ್ತದೆ ಎಂದು ಕೆಲವರು ವಾದಿಸುತ್ತಿದ್ದರು. ಈ ಜಗಳವನ್ನು ಬಿಡಿಸಿದವನು ಲಂಡನ್ನಿನ ಒಬ್ಬ ವೈದ್ಯ, ವಿಲಿಯಂ ಚಾರ್ಲ್ಸ್ ವೆಲ್ಸ್. ಒಂದೇ ತೂಕದ ಉಣ್ಣೆಯ ಉಂಡೆಗಳನ್ನು ಮಾಡಿ, ರಾತ್ರಿ ತೋಟದಲ್ಲಿ ಕೆಲವನ್ನು ತೆರೆದ ಜಾಗದಲ್ಲಿ, ಕೆಲವನ್ನು ಹಲಗೆಯ ಮೇಲೆ, ಕೆಲವನ್ನು ಹಲಗೆಯ ಅಡಿಯಲ್ಲಿ, ಇನ್ನು ಕೆಲವನ್ನು ರಟ್ಟಿನ ಗುಡಾರದ ಒಳಗೆ ಇಟ್ಟು, ಮತ್ತೆ ತೂಗಿ ನೋಡಿದ. ಬಯಲಾಗಿ ಆಕಾಶಕ್ಕೆ ಮುಖ ಮಾಡಿದ್ದ ಉಣ್ಣೆ ಹೆಚ್ಚು ತೂಗಿತು. ಮರೆಯಲ್ಲಿದ್ದದ್ದು ಅಷ್ಟು ತೂಗಲಿಲ್ಲ. ಆಕಾಶಕ್ಕೆ ತೆರೆದ ವಸ್ತು ರಾತ್ರಿ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಗಾಳಿಯ ಆವಿ ಅದರ ಮೇಲೆ ನೀರಾಗುತ್ತದೆ ಎಂದು 1814ರಲ್ಲಿ ಇಬ್ಬನಿಯ ಕುರಿತಾದ ತನ್ನ ಪ್ರಬಂಧದಲ್ಲಿ ಬರೆದ.

ಈ ಪ್ರಬಂಧದಲ್ಲಿ ನಮ್ಮ ದೇಶದ ಮಾತೂ ಬರುತ್ತದೆ. ಉತ್ತರ ಹಿಂದುಸ್ಥಾನದಲ್ಲಿ ಚಳಿಗಾಲದ ರಾತ್ರಿ ಹುಲ್ಲಿನ ಮೇಲೆ ತಟ್ಟೆಯಂಥ ಮಣ್ಣಿನ ಪಾತ್ರೆಗಳಲ್ಲಿ ನೀರಿಟ್ಟು ಮಂಜುಗಡ್ಡೆ ಮಾಡುತ್ತಿದ್ದರು. ಗಾಳಿ ನೀರು ಹೆಪ್ಪುಗಟ್ಟುವಷ್ಟು ತಣ್ಣಗಿರದಿದ್ದರೂ ಪಾತ್ರೆಯ ನೀರು ಗಡ್ಡೆಯಾಗುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಇಂಗ್ಲಿಷ್ ಅಧಿಕಾರಿ 1775ರಲ್ಲಿ ಇದನ್ನು ವಿವರವಾಗಿ ಬರೆದಿದ್ದ. ಕಾರಣ ಹೇಳಿದವನು ವೆಲ್ಸ್. ಆ ಕೆಲಸಗಾರರಿಗೆ ಕಾರಣ ತಿಳಿದಿರಲಿಲ್ಲವೋ ಏನೋ, ಕೆಲಸ ಮಾತ್ರ ಚೆನ್ನಾಗಿ ತಿಳಿದಿತ್ತು. ಡಿಸೆಂಬರ್ ತಿಂಗಳ ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿದ ಕಾರಿನ ಗಾಜು ತೊಯ್ದಿರುತ್ತದೆ, ಮಾವಿನ ಮರದಡಿ ನಿಲ್ಲಿಸಿದ್ದು ಒಣಗಿರುತ್ತದೆ. ವೆಲ್ಸನ ಉಣ್ಣೆಯ ಉಂಡೆಗೂ ಆ ಕಾರಿಗೂ ಒಂದೇ ನಿಯಮ.

ಇನ್ನು ಕಾರಿಗೆ ಬರೋಣ. ಮೊದಲ ಕಾಲದ ಕಾರುಗಳಿಗೆ ಈ ಕಾಯಿಲೆ ಇರಲೇ ಇಲ್ಲ, ಏಕೆಂದರೆ ಅವುಗಳಿಗೆ ಗೋಡೆಯೇ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಹೆಚ್ಚಾಗಿ ಮಾರಾಟವಾದದ್ದು ಕ್ಯಾನ್ವಾಸ್ ಹುಡ್ಡಿನ ತೆರೆದ ರೂಪದಲ್ಲಿ. ಅದರ ಎದುರು ಗಾಜಿನ ಮೇಲಿನ ಅರ್ಧವನ್ನು ಮಡಚಬಹುದಾಗಿತ್ತು. ಮಳೆ ಬಂದರೆ ಮಡಚಿ, ಮುಖಕ್ಕೆ ಹನಿ ಹೊಡೆಸಿಕೊಂಡು ಓಡಿಸಿದರಾಯಿತು!

ಗಾಜಿನ ಹೊರಗಿನ ನೀರಿಗೆ ಉಪಾಯ ಮೊದಲೇ ಸಿಕ್ಕಿತ್ತು. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬಾಕೆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಟ್ರಾಮಿನ ಚಾಲಕ ಹಿಮದ ಮಳೆಯಲ್ಲಿ ದಾರಿ ಕಾಣದೆ ಎದುರು ಗಾಜನ್ನು ತೆರೆದುಕೊಂಡು ನಡುಗುತ್ತಾ ಓಡಿಸುವುದನ್ನು ಕಂಡಳು. ಒಳಗೆ ಕುಳಿತು ಹಿಡಿಯೊಂದನ್ನು ತಿರುಗಿಸಿದರೆ ಹೊರಗೆ ರಬ್ಬರಿನ ಪಟ್ಟಿ ಗಾಜನ್ನು ಒರೆಸುವ ಸಾಧನವನ್ನು ಯೋಚಿಸಿ, 1903ರ ನವೆಂಬರ್ 10ರಂದು ಪೇಟೆಂಟ್ ಪಡೆದಳು. ಕೊಳ್ಳುವವರಿಲ್ಲ. ಪೇಟೆಂಟಿನ ಅವಧಿ ಮುಗಿದ ಮೇಲೆ ವೈಪರ್ ಎಲ್ಲ ಕಾರುಗಳಿಗೂ ಬಂತು, ಆಕೆಗೆ ಮಾತ್ರ ಕಾಸು ಹುಟ್ಟಲಿಲ್ಲ. ಆಮೇಲೆ ಬಹುಕಾಲ ನಡೆದದ್ದು ಎಂಜಿನ್ನು ಗಾಳಿ ಎಳೆದುಕೊಳ್ಳುವ ಸೆಳೆತದಿಂದ ಓಡುವ ವೈಪರುಗಳು. ಇವುಗಳದ್ದೊಂದು ವಿಚಿತ್ರ: ಗುಡ್ಡ ಹತ್ತಲು ಆಕ್ಸಿಲರೇಟರ್ ಒತ್ತಿದೊಡನೆ ಸೆಳೆತ ಕಡಿಮೆಯಾಗಿ ವೈಪರು ನಿಧಾನವಾಗುತ್ತಿತ್ತು, ಕೆಲವೊಮ್ಮೆ ನಿಂತೇ ಹೋಗುತ್ತಿತ್ತು. ಇಳಿಯುವಾಗ ಹುಚ್ಚೆದ್ದು ಆಡುತ್ತಿತ್ತು.

ಕಾರಿಗೆ ಗೋಡೆ ಬಂದದ್ದು 1920ರ ದಶಕದಲ್ಲಿ. ಅಮೆರಿಕದಲ್ಲಿ 1919ರಲ್ಲಿ ತಯಾರಾದ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತು ತೆರೆದವು. ಹತ್ತು ವರ್ಷ ಕಳೆಯುವಾಗ ಲೆಕ್ಕ ತಲೆಕೆಳಗಾಗಿ ಹತ್ತಕ್ಕೆ ಒಂಬತ್ತು ಮುಚ್ಚಿದವು. ಮುಚ್ಚಿದ ಕಾರು ಅದುವರೆಗೆ ಸಿರಿವಂತರ ಸೊತ್ತು. ಹಡ್ಸನ್ ಕಂಪನಿಯವರು ತಮ್ಮ ಎಸೆಕ್ಸ್ ಕೋಚ್ ಎಂಬ ಪೆಟ್ಟಿಗೆಯಂಥ ಕಾರನ್ನು ತೆರೆದ ಕಾರಿಗಿಂತ 300 ಡಾಲರ್ ಮಾತ್ರ ಹೆಚ್ಚಿಗೆ ಇಟ್ಟು ಮಾರಲು ತೊಡಗಿದರು. 1925ರ ಹೊತ್ತಿಗೆ ಅದು ಅವರ ತೆರೆದ ಕಾರಿಗಿಂತಲೂ ಅಗ್ಗವಾಯಿತು. ಬೆಲೆ ಕಡಿಮೆ, ಮಳೆ ಒಳಗೆ ಬರುವುದಿಲ್ಲ ಎಂದಾದ ಮೇಲೆ ಯಾರು ತಾನೇ ಬಿಟ್ಟಾರು? ಆದರೆ ಮಳೆಯನ್ನು ಹೊರಗಿಡಲು ಹೋಗಿ ಉಸಿರನ್ನು ಒಳಗೆ ಕೂಡಿ ಹಾಕಿದ ಹಾಗಾಯಿತು. ಗಾಜಿನ ಹೊರಬದಿಗೆ ವೈಪರು ಇತ್ತು. ಒಳಬದಿಯ ಮಬ್ಬಿಗೆ ಕೈವಸ್ತ್ರವೇ ಗತಿ.

ಇದಕ್ಕೆ ಕಂಡ ಪರಿಹಾರಗಳಲ್ಲಿ ಒಂದನ್ನು ನಮ್ಮಲ್ಲಿ ಹಿರಿಯರು ಕೈಯಾರೆ ತಿರುಗಿಸಿದ್ದಾರೆ. ಅದು ಮುಂದಿನ ಬಾಗಿಲಿನ ತ್ರಿಕೋನಾಕಾರದ ಪುಟ್ಟ ಗಾಜು. ಜನರಲ್ ಮೋಟಾರ್ಸಿನವರು 1933ರ ಕಾರುಗಳಲ್ಲಿ ಇದನ್ನು ಇಟ್ಟರು. ಅದನ್ನು ಓರೆಯಾಗಿ ತೆರೆದರೆ, ಪಕ್ಕದಲ್ಲಿ ವೇಗವಾಗಿ ಹಾದುಹೋಗುವ ಗಾಳಿ ಒಳಗಿನ ಹಳಸಿದ ಗಾಳಿಯನ್ನು ಹೀರಿ ಹೊರಗೆ ಎಳೆಯುತ್ತದೆ, ಮಳೆ ಮಾತ್ರ ಅಷ್ಟಾಗಿ ಒಳಬರುವುದಿಲ್ಲ. ನಮ್ಮ ಹಳೆಯ ಅಂಬಾಸಿಡರಿನಲ್ಲಿ, ಫಿಯೆಟ್ಟಿನಲ್ಲಿ, ಆಮೇಲೆ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡ ಅದೇ ಕಾರಿನಲ್ಲಿ ಈ ಗಾಜು ಇತ್ತು. ಬೀಡಿಯ ಬೂದಿ ಕೊಡವಲು ಇಟ್ಟದ್ದೆಂದು ತಿಳಿದವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಹೊಸ ಕಾಲದ ಕಾರುಗಳಿಂದ ಅದನ್ನು ತೆಗೆದುಹಾಕಿದ್ದು ನಷ್ಟವೇ.

ಇನ್ನೊಂದು ಪರಿಹಾರ ಬಿಸಿಗಾಳಿ. ಎಂಜಿನ್ನಿನ ಬಿಸಿನೀರನ್ನು ಸಣ್ಣ ರೇಡಿಯೇಟರಿಗೆ ಹಾಯಿಸಿ ಫ್ಯಾನು ಇಟ್ಟು ಒಳಗನ್ನು ಬೆಚ್ಚಗೆ ಮಾಡುತ್ತಿದ್ದರು. ಕಾಲಿಗೆ ಹಿತ, ಆದರೆ ಆ ಹೀಟರುಗಳು ಒಳಗಿನ ಗಾಳಿಯನ್ನೇ ಸುತ್ತಿ ಸುತ್ತಿ ಬಿಸಿ ಮಾಡುತ್ತಿದ್ದವು. ಉಸಿರಿನ ನೀರು ಎಲ್ಲಿಗೂ ಹೋಗುತ್ತಿರಲಿಲ್ಲ. 1938ರಲ್ಲಿ ಅಮೆರಿಕದ ನ್ಯಾಶ್ ಕಂಪನಿ ದಾರಿ ಬದಲಿಸಿತು. ಎದುರು ಗಾಜಿನ ಬುಡದಿಂದ ಹೊರಗಿನ ಗಾಳಿಯನ್ನು ತೆಗೆದುಕೊಂಡು, ಸೋಸಿ, ಬಿಸಿ ಮಾಡಿ ಒಳಕ್ಕೆ ನೂಕಿದರು. ಒಳಗೆ ಒತ್ತಡ ತುಸು ಹೆಚ್ಚಾಗಿ, ಆವಿ ತುಂಬಿದ ಹಳೆಯ ಗಾಳಿ ಸಂದುಗಳಿಂದ ತಾನಾಗಿ ಹೊರಗೆ ಹೋಯಿತು. ಮರುವರ್ಷ ಇದಕ್ಕೆ ಶಾಖ ನಿಯಂತ್ರಣ ಸೇರಿಸಿ ‘ವೆದರ್ ಐ’ ಎಂದು ಹೆಸರಿಟ್ಟರು. ಗಾಜಿನ ಮಬ್ಬಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ ಎಂದು ನನಗೆ ತೋರುತ್ತದೆ. ಶಾಖಕ್ಕಿಂತ ಮುಖ್ಯ, ಗಾಳಿಗೆ ಹೋಗಲು ದಾರಿ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1939ರಲ್ಲಿ, ಪ್ಯಾಕಾರ್ಡ್ ಕಂಪನಿ ಕಾರಿಗೆ ಏರ್ ಕಂಡಿಷನರ್ ತಂದಿತು. ಸಾಮಾನು ಇಡುವ ಡಿಕ್ಕಿಯ ಅರ್ಧ ಜಾಗವನ್ನು ಅದೇ ನುಂಗಿತ್ತು. ಬೇಡವೆನಿಸಿದರೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು! ಎರಡು ಮೂರು ವರ್ಷದಲ್ಲಿ ಅದು ನಿಂತುಹೋಯಿತು. ಹೀಟರನ್ನೂ ತಂಪು ಯಂತ್ರವನ್ನೂ ಎದುರಿನ ಡ್ಯಾಶ್‌ಬೋರ್ಡಿನಲ್ಲಿ ಒಂದಾಗಿ ಕೂಡಿಸಿದ್ದು 1954ರಲ್ಲಿ, ಮತ್ತೆ ಅದೇ ನ್ಯಾಶ್ ಕಂಪನಿಯವರು.

ಇದೆಲ್ಲ ಅಲ್ಲಿ ನಡೆಯುತ್ತಿದ್ದಾಗ ನಮ್ಮ ಕಡೆ ಏನಿತ್ತು? ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, ರಸ್ತೆಗಳ ಫಲಕ ಬದಲಾಯಿತು, ಮಳೆ ಬದಲಾಗಲಿಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಒಳನಾಡಿಗೆ ಜನರನ್ನು ಹೊತ್ತದ್ದು ಜೀಪು. ಯುದ್ಧಕಾಲದ ವಿಲ್ಲೀಸ್ ಜೀಪನ್ನು ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ 1940ರ ದಶಕದ ಕೊನೆಯಿಂದ ಜೋಡಿಸತೊಡಗಿತ್ತು. ಎದುರು ಗಾಜು ಇದ್ದರೂ ಬದಿಗಳಲ್ಲಿ ತಾರ್ಪಾಲು ಮಾತ್ರ. ಬೇಸಿಗೆಯಲ್ಲಿ ಜೀಪಿನೊಳಗೆ ಮಬ್ಬು ಎಂಬುದೇ ಇಲ್ಲ. ಆಟಿಯಲ್ಲಿ ತಾರ್ಪಾಲು ಇಳಿಸಿ ಗುಂಡಿ ಹಾಕಿ ಹದಿನಾಲ್ಕು ಮಂದಿಯನ್ನು ತುಂಬಿದರೆ, ಮೇಲೆ ಹೇಳಿದ ಲೆಕ್ಕವನ್ನು ಮೂರರಿಂದ ಗುಣಿಸಿಕೊಳ್ಳಿ. ಮುಂದೆ ಕುಳಿತ ಪ್ರಯಾಣಿಕನಿಗೆ ಒಂದು ಕೆಲಸ ನಿಶ್ಚಿತವಾಗಿರುತ್ತಿತ್ತು: “ಅಣ್ಣಾ, ಸ್ವಲ್ಪ ಗಾಜು ಒರೆಸಿ” ಎಂದು ಚಾಲಕ ಹೇಳಿದಾಗ ಒರೆಸುವುದು. ಒಬ್ಬನೇ ಮುಂದಿನ ಸೀಟಿಗೆ ಎರಡು ಸಲ ಬಂದರೆ ಮೂರನೆಯ ಸಲ ಹೇಳದೆಯೇ ಒರೆಸುತ್ತಿದ್ದ.

ಅನುಭವಸ್ಥ ಚಾಲಕರಲ್ಲಿ ಬೇರೊಂದು ವಿದ್ಯೆ ಇತ್ತು. ಬೀಡಿಯೊಂದನ್ನು ಬಿಡಿಸಿ ಅದರ ಹೊಗೆಸೊಪ್ಪಿನ ಪುಡಿಯನ್ನು ಒದ್ದೆ ಮಾಡಿ ಗಾಜಿಗೆ ಉಜ್ಜುತ್ತಿದ್ದರು. ಬೀಡಿ ಸೇದದವರು ದಾಸವಾಳದ ಎಲೆಯ ಲೋಳೆಯನ್ನೋ ಬಟಾಟೆಯ ಹೋಳನ್ನೋ ಸಾಬೂನನ್ನೋ ಉಜ್ಜುತ್ತಿದ್ದರು. ಇದು ಮೂಢನಂಬಿಕೆಯಲ್ಲ. ಮಬ್ಬು ಎಂದರೆ ಸಾವಿರಾರು ಸೂಕ್ಷ್ಮ ಹನಿಗಳು. ಒಂದೊಂದು ಹನಿಯೂ ಬೆಳಕನ್ನು ಚೆದುರಿಸುತ್ತದೆ. ಈ ವಸ್ತುಗಳ ತೆಳು ಲೇಪ ಇದ್ದರೆ ನೀರು ಹನಿಯಾಗಿ ನಿಲ್ಲದೆ ಹಾಳೆಯ ಹಾಗೆ ಹರಡುತ್ತದೆ. ನೀರು ಅಲ್ಲೇ ಇದ್ದರೂ ಅದರ ಮೂಲಕ ದಾರಿ ಕಾಣುತ್ತದೆ.

ಬೀಡಿ ಪುಡಿಯ ವಿದ್ಯೆಯನ್ನು ನೋಡಿ ನಕ್ಕವರಿಗೆ ಒಂದು ಸಂಗತಿ ಹೇಳುತ್ತೇನೆ. 1966ರ ಜೂನ್ 5ರಂದು ಅಮೆರಿಕದ ಗಗನಯಾತ್ರಿ ಯೂಜೀನ್ ಸರ್ನನ್ ಜೆಮಿನಿ 9 ಎಂಬ ನೌಕೆಯಿಂದ ಹೊರಗೆ ಬಂದು ಎರಡು ಗಂಟೆಗೂ ಹೆಚ್ಚು ಕಾಲ ಶೂನ್ಯದಲ್ಲಿ ತೇಲಿದ. ಕೆಲಸ ಎಣಿಸಿದ್ದಕ್ಕಿಂತ ಕಷ್ಟವಾಗಿ, ಉಸಿರೂ ಬೆವರೂ ಹೆಚ್ಚಿ, ಶಿರಸ್ತ್ರಾಣದ ಗಾಜು ಒಳಗಿನಿಂದ ಪೂರ್ತಿ ಮಬ್ಬಾಯಿತು. ಬೈರಾಸು ಹಿಡಿದು ಒರೆಸಲು ಅಲ್ಲಿ ಕೈ ಹೋಗುವ ಹಾಗಿಲ್ಲ. ಮೂಗನ್ನು ಗಾಜಿಗೆ ಉಜ್ಜಿ ಮಾಡಿಕೊಂಡ ಸಣ್ಣ ತೂತಿನಷ್ಟು ಜಾಗದಿಂದ ನೋಡುತ್ತಾ, ಹೆಚ್ಚುಕಡಿಮೆ ಕುರುಡನ ಹಾಗೆ ತಡಕಿ ನೌಕೆಗೆ ಮರಳಿದ. ಪ್ರಾಣಕ್ಕೇ ಸಂಚಕಾರ ಬಂದಿತ್ತು. ಮುಂದಿನ ಯಾತ್ರೆಗಳಲ್ಲಿ ಗಾಜಿನ ಒಳಬದಿಗೆ ಮಬ್ಬು ತಡೆಯುವ ದ್ರವವನ್ನು ಹಚ್ಚುವ ಏರ್ಪಾಡು ಬಂತು. ದ್ರವ ಬೇರೆ, ತತ್ತ್ವ ನಮ್ಮ ಜೀಪಿನವರದ್ದೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಸಾಧಾರಣ ಕುಟುಂಬಗಳೂ ಕಾರು ಕೊಂಡವು. ನಿಧಾನವಾಗಿ ಏರ್ ಕಂಡಿಷನರ್ ಸಹ ಸಾಮಾನ್ಯವಾಯಿತು. ಇದನ್ನು ಬೇಸಿಗೆಗೆ ಮಾತ್ರ ಎಂದು ತಿಳಿಯಬೇಡಿ. ಮಳೆಗಾಲದಲ್ಲಿ ಅದು ಮಾಡುವುದು ಒಣಗಿಸುವ ಕೆಲಸ. ಒಳಗಿನ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯುವಾಗ ಅದರ ಆವಿ ಅಲ್ಲೇ ನೀರಾಗಿ, ರಬ್ಬರು ನಳಿಗೆಯ ಮೂಲಕ ಕಾರಿನ ಅಡಿಯಿಂದ ತೊಟ್ಟಿಕ್ಕುತ್ತದೆ. ನಿಂತ ಕಾರಿನ ಅಡಿ ನೀರು ಕಂಡು ಗಾಬರಿಯಾಗುವವರುಂಟು. ಅದು ನೀವು ಉಸಿರಾಡಿದ ನೀರೂ ಹೌದು. ಹೀಗೆ ಒಣಗಿದ ಗಾಳಿಗೆ ಹೀಟರಿನ ತುಸು ಶಾಖ ಸೇರಿಸಿ ಎದುರು ಗಾಜಿಗೆ ಬಿಟ್ಟರೆ ಮಬ್ಬು ಅರ್ಧ ನಿಮಿಷದಲ್ಲಿ ಹೋಗುತ್ತದೆ. ಬ್ಯಾಂಕಿನಲ್ಲಿ ಮಳೆಗಾಲಕ್ಕೆ ಲೆಡ್ಜರುಗಳ ಕಪಾಟಿನೊಳಗೆ 40 ವ್ಯಾಟಿನ ಬಲ್ಬು ಉರಿಸಿಡುತ್ತಿದ್ದೆವು. ಗಾಳಿ ಬೆಚ್ಚಗಾದರೆ ಅದಕ್ಕೆ ಆವಿ ಹೊರುವ ಶಕ್ತಿ ಹೆಚ್ಚು, ಪುಸ್ತಕಕ್ಕೆ ಬೂಷ್ಟು ಕಡಿಮೆ. ನಮ್ಮ ಸೆಕೆಯ ಊರಿನಲ್ಲಿ ಕಾರಿಗೆ ಹೀಟರು ಯಾಕೆ ಎಂದು ನಗುವವರು ಈ ಬಲ್ಬನ್ನು ನೆನೆಯಬೇಕು.

ಡ್ಯಾಶ್‌ಬೋರ್ಡಿನಲ್ಲಿ ಕಾರಿನ ಚಿತ್ರ, ಅದರೊಳಗೆ ಸುತ್ತುವ ಬಾಣ ಇರುವ ಗುಂಡಿ ಒಂದಿದೆ. ಅದನ್ನು ಒತ್ತಿದರೆ ಹೊರಗಿನ ಗಾಳಿ ಬಂದ್, ಒಳಗಿನದೇ ಸುತ್ತುತ್ತದೆ. ಧೂಳಿನ ರಸ್ತೆಗೆ ಸರಿ. ಮಳೆಗಾಲದಲ್ಲಿ ಎ.ಸಿ. ಹಾಕದೆ ಅದನ್ನು ಒತ್ತಿಟ್ಟರೆ ನ್ಯಾಶ್ ಕಂಪನಿಗಿಂತ ಹಿಂದಿನ ಕಾಲಕ್ಕೆ ಹೋದ ಹಾಗೆ. ಹಿಂದಿನ ಗಾಜಿನಲ್ಲಿ ಅಡ್ಡಕ್ಕೆ ಕಂದು ಗೆರೆಗಳಿದ್ದರೆ ಅವು ಅಲಂಕಾರವಲ್ಲ, ಗಾಜನ್ನು ಬಿಸಿ ಮಾಡುವ ವಿದ್ಯುತ್ ತಂತುಗಳು. ಒರೆಸುವಾಗ ಗೆರೆಯ ಉದ್ದಕ್ಕೇ ಒರೆಸಬೇಕು; ಗೀರಿ ತುಂಡಾದರೆ ಆ ಗೆರೆ ಕೆಲಸ ಮಾಡುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಎ.ಸಿ.ಯ ತಣ್ಣನೆಯ ಗಾಳಿಯನ್ನೇ ಬಹಳ ಹೊತ್ತು ಎದುರು ಗಾಜಿಗೆ ಬಿಟ್ಟರೆ ಗಾಜು ತೀರಾ ತಣ್ಣಗಾಗಿ, ಈ ಬಾರಿ ಹೊರಬದಿ ಬೆವರುತ್ತದೆ, ಐಸ್ ನೀರು ತುಂಬಿದ ಲೋಟದ ಹೊರಮೈಯ ಹಾಗೆ. ಒಳಗಿನಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬೆರಳಿನಿಂದ ಒಳಬದಿ ಒಂದು ಗೆರೆ ಎಳೆದು ನೋಡಿ: ಗೆರೆ ಮೂಡದಿದ್ದರೆ ಮಬ್ಬು ಹೊರಗಿದೆ. ವೈಪರು ಹಾಕಿ, ತಂಪನ್ನು ಕಡಿಮೆ ಮಾಡಿ. ಚಳಿದೇಶದ ಕಾರು ಪುಸ್ತಕಗಳಲ್ಲಿ ಈ ಬಗೆಯ ಮಬ್ಬಿಗೆ ಹೆಚ್ಚು ಜಾಗವಿಲ್ಲ.

ಓಡದ ಕಾರಿನ ಕಷ್ಟ ಬೇರೆ. ಗಲ್ಫಿನಲ್ಲಿ ದುಡಿಯುವ ಮಕ್ಕಳು ರಜೆಯಲ್ಲಿ ಕೊಂಡ ಕಾರು ಹನ್ನೊಂದು ತಿಂಗಳು ಅಂಗಳದಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಮಲಗಿರುತ್ತದೆ. ಮಗ ಬಂದು ಬಾಗಿಲು ತೆಗೆದರೆ ಸ್ಟಿಯರಿಂಗಿನ ಮೇಲೆ ಬೂಷ್ಟು, ಸೀಟಿನ ಬೆಲ್ಟಿನ ಮೇಲೆ ಬಿಳಿ ಚುಕ್ಕೆ, ಒಳಗೆ ಮುಗ್ಗಲು ವಾಸನೆ. ಉಬ್ಬಸದ ಮಗುವನ್ನು ಅದರಲ್ಲಿ ಕೂರಿಸಿಕೊಂಡು ಹೋಗುವುದು ಸರಿಯಲ್ಲ. ಗಾಳಿಯಾಡದ ಪ್ಲಾಸ್ಟಿಕ್ಕಿನ ಬದಲು ಮಾಡಿನ ಅಡಿ ಬರಿದೇ ನಿಲ್ಲಿಸಿ, ಗಾಜನ್ನು ಬೆರಳಗಲ ಇಳಿಸಿಟ್ಟು, ಕಾಲಡಿಯ ಚಾಪೆಗಳನ್ನು ತೆಗೆದು ಮನೆಯೊಳಗೆ ಇಟ್ಟರೆ ಅರ್ಧ ತೊಂದರೆ ಇಲ್ಲ. ವಾರಕ್ಕೊಮ್ಮೆ ಎ.ಸಿ. ಹಾಕಿ ಅರ್ಧ ಗಂಟೆ ಓಡಿಸಲು ಯಾರಾದರೂ ಇದ್ದರೆ ಒಳ್ಳೆಯದು. ಕೊಟ್ಟಿಗೆಯಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು ಒಳಗೆ ಕೂರುವುದು ಮಾತ್ರ ಬೇಡ, ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೆಲವರು ತೇವ ಹೀರಲೆಂದು ಬಟ್ಟಲಿನಲ್ಲಿ ಉಪ್ಪು ಇಡುತ್ತಾರೆ. ಗಾಳಿಯ ತೇವಾಂಶ ನೂರಕ್ಕೆ ಎಪ್ಪತ್ತೈದು ದಾಟಿದರೆ ಉಪ್ಪು ನೀರೆಳೆಯುವುದು ನಿಜ, ಭರಣಿ ಒಸರುವುದು ಅದಕ್ಕೇ. ಆದರೆ ಆ ಉಪ್ಪುನೀರು ಚೆಲ್ಲಿದರೆ ತಗಡನ್ನು ತಿನ್ನುತ್ತದೆ. ಬಟ್ಟೆಯಲ್ಲಿ ಕಟ್ಟಿದ ಇದ್ದಿಲು ವಾಸನೆಯನ್ನಾದರೂ ತೆಗೆಯುತ್ತದೆ, ಕೆಡುಕು ಮಾಡುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕಾಲಡಿಯ ಕಾರ್ಪೆಟ್ಟು ಮತ್ತೆ ಮತ್ತೆ ಒದ್ದೆಯಾಗುತ್ತಿದ್ದರೆ ಅದು ಉಸಿರಿನ ನೀರಲ್ಲ. ವೈಪರಿನ ಬುಡದಲ್ಲಿ, ಬಾನೆಟ್ಟಿನ ಹಿಂದಿನ ಅಂಚಿನ ಅಡಿಯಲ್ಲಿ, ಮಳೆನೀರು ಇಳಿದು ಹೋಗುವ ತೂತುಗಳಿರುತ್ತವೆ. ಹಲಸಿನ ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆ ಕೊಳೆತು ಆ ತೂತು ಕಟ್ಟಿಕೊಳ್ಳುತ್ತದೆ, ನೀರು ಗಾಳಿಯ ದಾರಿಯಲ್ಲೇ ಒಳಗೆ ಇಳಿಯುತ್ತದೆ. ಎ.ಸಿ.ಯ ರಬ್ಬರು ನಳಿಗೆ ಕಟ್ಟಿದರೂ ಹೀಗೆಯೇ. ಆಟಿಗೆ ಮೊದಲು ಎಲೆಯನ್ನು ಕೈಯಿಂದ ತೆಗೆದು, ಒಂದು ಚೊಂಬು ನೀರು ಸುರಿದು ಅದು ಚಕ್ರದ ಹಿಂದೆ ಇಳಿಯುತ್ತದೆಯೇ ಎಂದು ನೋಡಿಕೊಳ್ಳಬೇಕು.